ಬಸ್ಸಿನ ಬೆನ್ನ ಮೇಲೆ ಎರಡು ಕೈ

ಅದೋ ಅಲ್ಲಿ, ಗೋಲಿನ ಹರಕು ಬಲೆಯ ಆಚೆ, ಗೋಡೆಗೆ ಮುಖ ಮಾಡಿ ನಿಂತ ಎದುರು ತಂಡದ ಬಿಳಿ ಬಸ್ಸು, ಅದರ ಬೆನ್ನ ಮೇಲೆ ಎರಡು ಕೈಗುರುತು, ಕೆಸರಿನವು, ಅಗಲ ಅಂದರೆ ಅಗಲ, ಒಂದೊಂದು ಬೆರಳೂ ಸೌತೆಕಾಯಿ ಗಾತ್ರ — ನಾನು ಅದನ್ನು ನೋಡಬಾರದು, ಚೆಂಡು ನೋಡಬೇಕು, ಚೆಂಡು ಪೆನಾಲ್ಟಿ ಚುಕ್ಕೆಯ ಮೇಲೆ ಕೂತಿದೆ, ಅವರ ನಾಲ್ಕನೆಯವನು ಒದೆಯಲು ಹಿಂದೆ ಹಿಂದೆ ಸರಿಯುತ್ತಿದ್ದಾನೆ, ಇನ್ನೂ ಹಿಂದೆ ಹೋದರೆ ವಾಪಸು ಅವನ ಊರಿಗೇ ತಲುಪುತ್ತಾನೆ, ತಲುಪಲಿ, ನಮಗೇನು ನಷ್ಟ — ಗಾಳಿ ಕಿವಿಯೊಳಗೆ ಸೂಜಿ ಚುಚ್ಚುತ್ತಿದೆ, ನನ್ನ ಹೆಗಲ ಮೇಲೆ ಎಡದಿಂದ ಒಂದು ತೋಳು, ಬಲದಿಂದ ಒಂದು ತೋಳು, ಮೈದಾನದ ನಡುವೃತ್ತದಲ್ಲಿ ನಾವೆಲ್ಲ ಸಾಲಾಗಿ ನಿಂತಿದ್ದೇವೆ, ಮದುವೆ ಫೋಟೋಗೆ ನಿಂತ ಹಾಗೆ, ಆದರೆ ಯಾರೂ ನಗುತ್ತಿಲ್ಲ, ಸಿನಿಮಾ ಆಗಿದ್ದರೆ ಈಗ ಸದ್ದೆಲ್ಲ ನಿಲ್ಲಬೇಕು, ಹೀರೋನ ಎದೆಬಡಿತ ಮಾತ್ರ, ಧಡ್, ಧಡ್, ಆಮೇಲೆ ಆಕಾಶದಲ್ಲಿ ಒಂದು ಹದ್ದು, ಇಲ್ಲಿ ಹದ್ದಿನ ಬದಲು ಯಾರೋ ಕಡಲೆಹಿಟ್ಟಿನ ಗರಂತೀತ ತಿಂದು ಎಸೆದ ಎಣ್ಣೆಕಾಗದ ಹಾರುತ್ತಿದೆ, ಎದೆಬಡಿತದ ಬದಲು ಹಾಜ್ ರಬಾಹ್‌ನ ಗಂಟಲು, ಗೋಡೆಯ ಮೇಲೆ ಕಶಾಬಿಯ ಅನ್ನುವ ಉಣ್ಣೆಯ ನಿಲುವಂಗಿ ಹೊದ್ದು ಕೂತ ಮುದಿ ಗೂಬೆ, ಲಯಾಶೀ, ಎಡಕ್ಕೆ ಹಾರೋ, ಎಡಕ್ಕೆ, ಅವನ ಕಣ್ಣೇ ಹೇಳ್ತಿದೆ! ಅವನ ಕಣ್ಣು ಏನು ಹೇಳುತ್ತಿದೆ ಅಂತ ಅಷ್ಟು ದೂರದಿಂದ ಹೇಗೆ ಕಂಡಿತೋ, ಮೊನ್ನೆ ತನ್ನ ಕತ್ತೆ ಅಂತ ಪಕ್ಕದ ಮನೆಯವನ ಕತ್ತೆಯನ್ನು ಮನೆಗೆ ಹೊಡೆದುಕೊಂಡು ಹೋದವನು — ಮತ್ತು ಗೋಲಿನ ನಡುವೆ ಲಯಾಶಿಯಣ್ಣ, ನಮ್ಮ ಗೋಲ್ ಕೀಪರ್, ನಮ್ಮ ಗೋಲಿ, ನಮ್ಮ ಕ್ಯಾಪ್ಟನ್, ಅರ್ಧ ಬೆಳ್ಳಗಾದ ತಲೆ, ಬರಿಗೈ ಉಜ್ಜಿಕೊಳ್ಳುತ್ತಿದ್ದಾನೆ, ಬರಿಗೈ, ಈ ಚಳಿಯಲ್ಲಿ, ಗೋಲಿಯೊಬ್ಬ ಬರಿಗೈಯಲ್ಲಿ, ನಾನು ಹುಟ್ಟುವ ಮೊದಲಿನಿಂದ ನಮ್ಮೂರು ಐನ್ ಲೂಜ್‌ನ ಗೋಲು ಕಾಯುತ್ತಿರುವವನು, ವಾರವೆಲ್ಲ ಪಟ್ಟಣಕ್ಕೆ ವ್ಯಾನ್ ಓಡಿಸಿ ಶುಕ್ರವಾರ ಈ ಕೆಂಪು ಮಣ್ಣಿನ ಮೇಲೆ ಮೈ ಒಗೆದುಕೊಳ್ಳುವವನು, ಮೊಣಕಾಲು ತಲಾಖ್ ಕೇಳ್ತಿದೆ ಕಣೋ ಶಮ್ಸು, ಈ ವರ್ಷ ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ ಅಂದವನು — ಪ್ರತಿ ವರ್ಷ ನಾವು ರಾಷ್ಟ್ರೀಯ ಕಪ್ಪಿನ ಬಾಗಿಲ ತನಕ ಬರುತ್ತೇವೆ, ಪ್ರತಿ ವರ್ಷ ಮುಖಕ್ಕೆ ಬಾಗಿಲು, ಇವತ್ತು ಗೆದ್ದರೆ ಒಳಗೆ, ದೊಡ್ಡವರ ಸಾಲಿಗೆ, ಟೀವಿಯಲ್ಲಿ ಗಾಜಿನ ಪಾತ್ರೆಗೆ ಕೈಹಾಕಿ ಚೀಟಿ ಎತ್ತಿ ಐನ್ ಲೂಜ್ ಅಂತ ಓದುತ್ತಾರೆ, ರಾಜಧಾನಿಯ ಕ್ಲಬ್ಬಿನವರು ಹೊಳೆಯುವ ಬಸ್ಸಿನಿಂದ ಇಳಿದು ನಮ್ಮ ಈ ಮಣ್ಣು ನೋಡಿ ಮೂಗು ಮುರಿಯುತ್ತಾರೆ, ಮುರಿಯಲಿ, ಅವರ ಕೈಯನ್ನು ಲಯಾಶಿಯಣ್ಣ ಕುಲುಕಬೇಕು, ಅಷ್ಟು ಸಾಕು ನನಗೆ — ಓಡಿದ, ಒದ್ದ, ಬಲಕ್ಕೆ! ಹಾಜ್ ರಬಾಹ್‌ನ ಎಡ ಅಲ್ಲ, ಬಲ, ಲಯಾಶಿಯಣ್ಣ ಬಲಕ್ಕೇ ಹಾರಿದ, ಬರಿ ಅಂಗೈಗೆ ಚೆಂಡು ಬಡಿದ ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಸದ್ದು, ಚೆಂಡು ಆಚೆ, ಮಹಡಿಗಳ ಮೇಲಿಂದ ಹೆಂಗಸರ ಉಲುಲು ಕೂಗು, ನಾವು ಒಬ್ಬರ ಮೇಲೊಬ್ಬರು, ಗೋಡೆಯ ಮೇಲಿಂದ ಹಾಜ್, ನಾನ್ ಹೇಳ್ಲಿಲ್ವಾ, ನಾನ್ ಹೇಳ್ಲಿಲ್ವಾ!

ಈಗ ನಮ್ಮ ನಾಲ್ಕನೆಯವನು ಹೊರಟ, ಇವನು ಹಾಕಿದರೆ ನಾವು ಮುಂದೆ, ಆಮೇಲೆ ಅವರ ಐದನೆಯವನು, ಆಮೇಲೆ ನಾನು, ನಾನು ಕೊನೆಯವನು, ಶೇಖ್ ಝುಬೀರ್ ಪಟ್ಟಿ ಮಾಡುವಾಗ ನನ್ನ ಹೆಸರು ಕೊನೆಗೆ ಬರೆದು ಅಂದಿದ್ದರು, ಸಿನಿಮಾ ಶಮ್ಸು, ನಿನ್ನ ತನಕ ಬರ್ದೇ ಇರ್ಲಿ ಅಂತ ದೇವ್ರನ್ನ ಬೇಡ್ಕೊ, ಕೋಚ್ ಅಂದರೆ ಹೀಗಿರಬೇಕು, ಎಷ್ಟು ಧೈರ್ಯ ತುಂಬುತ್ತಾರೆ ನೋಡಿ — ನನ್ನ ಕಣ್ಣು ಮತ್ತೆ ಬಲೆಯ ಆಚೆ, ಆ ಕೈಗಳು, ಮಧ್ಯಾಹ್ನ ಅಲ್ಲಿ ಬಸ್ಸೇ ಇರಲಿಲ್ಲ, ಮಧ್ಯಾಹ್ನ ಇದೇ ಗೆರೆಯ ಮೇಲೆ ನಾವು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ನಿಂತಿದ್ದೆವು, ಎದುರಿಗೆ ಯಾರೂ ಇಲ್ಲ, ವಾದ್ ಸಫ್ರಾದವರು ಬಂದಿಲ್ಲ, ರೆಫ್ರಿ ಗಡಿಯಾರ ನೋಡಿಕೊಂಡು ಅಂದರು, ಇನ್ನು ಸ್ವಲ್ಪ ಹೊತ್ತು ಕಾಯ್ತೀನಿ ಕ್ಯಾಪ್ಟನ್, ಬರ್ಲಿಲ್ಲ ಅಂದ್ರೆ ಸೀಟಿ ಊದ್ತೀನಿ, ಆಟ ನಿಮ್ದು. ಆಟ ನಮ್ದು! ಬೆವರಿಲ್ಲ, ಗಾಯ ಇಲ್ಲ, ಒಂದು ಸೀಟಿಗೆ ರಾಷ್ಟ್ರೀಯ ಕಪ್ಪು, ನನ್ನ ತುಟಿಯೇ ಸೀಟಿ ಊದುವಷ್ಟು ಚೂಪಾಗಿತ್ತು, ಅಷ್ಟರಲ್ಲಿ ಕುರಿ ತುಂಬಿದ ಆ ಲಾರಿ, ಅದು ಬೇರೆ ದಾರಿ ಹಿಡಿದಿದ್ದರೆ ಅದರ ಗಂಟೇನು ಹೋಗುತ್ತಿತ್ತು, ಗೋಡೆಯ ಪಕ್ಕ ನಿಲ್ಲಿಸಿ ಡ್ರೈವರ್ ತಲೆ ಹೊರಹಾಕಿ ಕೂಗಿದ, ರೀ, ಗಾಳಿಬಾಗಿಲು ಕಣಿವೇಲಿ ಒಂದು ಬಸ್ಸು ಚರಂಡಿಗಿಳಿದು ಕೂತಿದೆ, ಒಳಗೆಲ್ಲ ಆಟದ ಬಟ್ಟೆ ಹಾಕ್ಕೊಂಡಿರೋ ಹುಡುಗ್ರು, ಹಿಮ ಬೇರೆ ಶುರುವಾಗಿದೆ! ಕುರಿಗಳು ಮ್ಯಾ ಅಂದವು, ಶೇಖ್ ಝುಬೀರ್ ಆಕಾಶ ನೋಡಿದರು, ನಾನು ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡೆ, ಹಾಜ್ ರಬಾಹ್ ಗೋಡೆಯ ಮೇಲಿಂದ ನಿಧಾನವಾಗಿ ಅಂದ, ಗಾಳಿ ಜಾಸ್ತಿ ಇದೆಯಪ್ಪ, ನಂಗೇನೂ ಕೇಳಿಸ್ಲಿಲ್ಲ, ನಿಮಗ್ಯಾರಿಗಾದ್ರೂ ಕೇಳಿಸ್ತಾ? ಇಡೀ ಗೋಡೆ ಒಂದೇ ದನಿಯಲ್ಲಿ, ಇಲ್ಲ ಹಾಜ್! — ಎಂಥ ಒಗ್ಗಟ್ಟು, ಊರಿನ ನೀರಿನ ಪೈಪಿನ ವಿಷಯದಲ್ಲೂ ಯಾವತ್ತೂ ಕಾಣದ ಒಗ್ಗಟ್ಟು — ಆಗ ಲಯಾಶಿಯಣ್ಣ ಅಂದ, ನಂಗೆ ಕೇಳಿಸ್ತು. ಅಷ್ಟೆ. ಎರಡು ಪದ. ನಾನು ಎಷ್ಟು ಸಿನಿಮಾ ನೋಡಿದ್ದೇನೆ, ಹೀರೋ ಒಂದು ಮಾತು ಆಡಬೇಕಾದರೆ ಹಿಂದೆ ನೂರು ಪಿಟೀಲು, ಕೂದಲು ಹಾರಿಸಲು ಫ್ಯಾನು, ನಾಲ್ಕು ಕಡೆಯಿಂದ ಕ್ಯಾಮೆರಾ, ಇವನು ಒಸರುವ ಮೂಗನ್ನು ಗ್ಲೌಸಿನಿಂದ ಒರೆಸಿಕೊಂಡು ಹೇಳಿಬಿಟ್ಟ, ಯಾರ ಸಿನಿಮಾದಲ್ಲೂ ಅಂಥ ಡೈಲಾಗು ಇಲ್ಲ. ರೆಫ್ರಿ ಅಂದರು, ಆತಿಥೇಯ ತಂಡ ಒಪ್ಪಿದ್ರೆ ಕಾಯ್ತೀನಿ, ನೀನು ಹೇಳು ಕ್ಯಾಪ್ಟನ್. ಶೇಖ್ ಝುಬೀರ್ ಅವನ ತೋಳು ಹಿಡಿದರು, ಲಯಾಶಿ, ಮಗಾ, ಯೋಚ್ನೆ ಮಾಡು, ನಿಂಗೆ ಇದೇ ಕೊನೇದು. ಅವನು, ಶೇಖ್, ಆ ಕಣಿವೇಲಿ ಹಿಮಕ್ಕೆ ಸಿಕ್ಕಿಬಿದ್ದೋರನ್ನ ನಮ್ಮೂರೋರು ಯಾವತ್ತಾದ್ರೂ ಬಿಟ್ಟಿದ್ದೀವಾ? ನಾಳೆ ಟೀವೀಲಿ ಕೇಳ್ತಾರೆ, ಹೆಂಗ್ ಗೆದ್ರಿ ಅಂತ, ಬರಕ್ಕಾಗದೇ ಇದ್ದೋರನ್ನ ಸೋಲ್ಸಿ ಗೆದ್ವಿ ಅನ್ಲಾ? ಅಂದವನೇ ವ್ಯಾನಿನ ಕೀಲಿ ತೆಗೆದುಕೊಂಡ, ನನ್ನ ಕಡೆ ನೋಡಿದ, ನಾನ್ಯಾಕೆ ಅವನ ಕಣ್ಣಿಗೆ ಬಿದ್ದೆನೋ, ಬಾ ಶಮ್ಸು, ಒಬ್ಬ ಸ್ಟೀರಿಂಗ್ ಹಿಡೀಬೇಕು.

ಟಣ್! — ಅಯ್ಯೋ, ನಮ್ಮ ನಾಲ್ಕನೆಯವನ ಚೆಂಡು ಮೇಲಿನ ಕಂಬಿಗೆ, ಕಂಬಿ ಇನ್ನೂ ನಡುಗುತ್ತಿದೆ, ಅವನು ತಲೆ ಹಿಡಿದು ಕೂತುಬಿಟ್ಟ, ಇನ್ನೂ ಸಮ ಸಮ, ಹಾಜ್ ರಬಾಹ್, ಲೇ, ಅದು ಗೋಲು ಕಣೋ, ಚರ್ಚಿನ ಗಂಟೆ ಅಲ್ಲ! — ಸುಮ್ಮನಿರೋ ಮುದುಕಾ, ಪಾಪ — ಆ ಕಡೆ ಗೋಲಿನ ಪಕ್ಕ ಅವರ ಗೋಲಿ ಹಮ್‌ಲಾವಿ ಕೈ ಮುಗಿದು ಆಕಾಶ ನೋಡುತ್ತಿದ್ದಾನೆ, ಅವನು ಮನುಷ್ಯನಲ್ಲ, ಬಾಗಿಲಿರುವ ಬೀರು, ಕಣಿವೆಯಲ್ಲಿ ಮೊದಲು ಕಂಡದ್ದು ಅವನೇ, ಓರೆಯಾಗಿ ಬಿದ್ದ ಬಸ್ಸಿನ ಪಕ್ಕ ಕಾಲು ಕುಟ್ಟುತ್ತಾ, ಮೀಸೆಯ ಮೇಲೆಲ್ಲ ಹಿಮ, ದಾರಿಯುದ್ದಕ್ಕೂ ನಾನು ವ್ಯಾನಿನಲ್ಲಿ ಗೊಣಗಿಕೊಂಡು ಬಂದಿದ್ದೆ, ಅಣ್ಣಾ, ಇದು ಹಿಂದಿ ಸಿನಿಮಾ ಕಣಣ್ಣಾ, ಹಿಂದಿ ಸಿನಿಮಾದಲ್ಲೂ ಹೀರೋ ವಿಲನ್ನಿಗೆ ಡ್ರಾಪ್ ಕೊಡಲ್ಲ, ಅವನು, ಗಾಜು ಮುಚ್ಚು, ಚಳಿ ಬರ್ತಿದೆ — ಹಮ್‌ಲಾವಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ, ಯಾರ್ರಪ್ಪ ನೀವು? ಐನ್ ಲೂಜ್‌ನೋರು. ಐನ್ ಲೂಜ್‌ನೋರಾ? ಕಾಯಕ್ಕಾಗ್ದೆ ನಮ್ಮನ್ನ ಹೊಡಿಯಕ್ಕೆ ಇಲ್ಲಿಗೇ ಬಂದ್ರಾ? ಲಯಾಶಿಯಣ್ಣ ಹಗ್ಗ ಬಿಚ್ಚುತ್ತಾ, ಈಗ ತಳ್ಳು, ಹೊಡೆಯೋದೆಲ್ಲ ಮೈದಾನದಲ್ಲಿ. ಹಗ್ಗ ವ್ಯಾನಿಗೆ, ವ್ಯಾನಿನ ಸ್ಟೀರಿಂಗ್ ನನ್ನ ಕೈಗೆ, ಅವರೆಲ್ಲ ಎರಡು ಪಕ್ಕ, ಬಸ್ಸಿನ ಹಿಂದೆ ನಟ್ಟನಡುವೆ ಲಯಾಶಿಯಣ್ಣ, ಗೋಲಿಯ ಅಂಗಿಯಲ್ಲೇ, ಗ್ಲೌಸಿನಲ್ಲೇ, ನನಗೆ ಕಾಣುತ್ತಿರಲಿಲ್ಲ, ಕೂಗು ಮಾತ್ರ ಕೇಳುತ್ತಿತ್ತು, ಯಾ ರಬ್ಬೀ, ಹಾಕ್ರೋ, ಇನ್ನೊಂದ್ಸಲ, ಹಾಕ್ರೋ — ಬಸ್ಸು ಒಮ್ಮೆ ಜಾರಿತು, ಯಾರೋ ಕೆಸರಿಗೆ ಬಿದ್ದ ಸದ್ದು, ಮತ್ತೆ ಅದೇ ಕೂಗು, ಬಿದ್ದವನೇ ಎದ್ದು ಕೂಗುತ್ತಿದ್ದಾನೆ, ಬಸ್ಸು ಹಾರಿದ ಹಾಗೆ ರಸ್ತೆಗೆ ಬಂತು, ಇಳಿದು ಹಿಂದಕ್ಕೆ ಹೋಗಿ ನೋಡಿದರೆ ಆ ಬಿಳಿ ತಗಡಿನ ಮೇಲೆ ಎರಡು ಕೈ, ಇನ್ನೂ ಹಸಿ, ಕೆಳಗೆ ಅವನು ಮೊಣಕಾಲ ಮೇಲೆ ಕೂತು ಗ್ಲೌಸು ನೋಡಿಕೊಳ್ಳುತ್ತಿದ್ದಾನೆ, ಒಂದರ ಅಂಗೈ ಹರಿದು ಬಾಯಿಬಿಟ್ಟಿದೆ, ಇನ್ನೊಂದು ನೀರು ಕುಡಿದು ಇಟ್ಟಿಗೆ ಆಗಿದೆ, ನಮ್ಮ ಕ್ಲಬ್ಬಿಗೆ ಇರುವುದೇ ಒಬ್ಬ ಗೋಲಿ, ಒಂದೇ ಜೊತೆ ಗ್ಲೌಸು, ಅವನು ನನ್ನ ಮುಖ ನೋಡಿ, ನಮ್ಮಪ್ಪ ಬರಿಗೈಲೇ ಜೇನು ಕೀಳ್ತಿದ್ದ ಕಣೋ, ಇದೇನು ಚೆಂಡು ತಾನೆ ಅಂದ — ಊರಿಗೆ ಬಂದರೆ ಮೈದಾನದ ಬಾಗಿಲಲ್ಲಿ ಅವನ ತಾಯಿ ಯಮೀನ ಅಜ್ಜಿ, ಗೆದ್ದ ಮೇಲೆ ನಾವು ತಿನ್ನಲಿ ಅಂತ ಮಾಡಿದ್ದ ಗೋಧಿರವೆಯ ಕೂಸ್‌ಕೂಸಿನ ಹಂಡೆ ಪಕ್ಕದಲ್ಲಿ, ಸೌಟು ಕೈಯಲ್ಲಿ, ಹಿಮದಿಂದ ಬಂದ ಮಕ್ಳನ್ನ ಬರಿಹೊಟ್ಟೇಲಿ ಓಡಿಸ್ತೀರಾ, ಮಾನ ಮರ್ಯಾದೆ ಇಲ್ವಾ ನಿಮಗೆ, ಕೂತ್ಕೊಳ್ರೋ ಎಲ್ಲ! ರೆಫ್ರಿಯೂ ಕೂತರು, ಪಾಪ ಕಾನೂನು ಪುಸ್ತಕದಲ್ಲಿ ಅಜ್ಜಿಯ ಬಗ್ಗೆ ಏನೂ ಬರೆದಿಲ್ಲ, ಶೇಖ್ ಝುಬೀರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು, ನಾನು ಮಾತ್ರ ಇದರಲ್ಲೂ ಒಂದು ದಾರಿ ಕಂಡುಕೊಂಡೆ, ಅವರ ಮುಂದಿನ ಸಾಲಿನ ಆಟಗಾರನ ಪಕ್ಕ ನಿಂತು, ಅಜ್ಜೀ, ಇವನಿಗೆ ಇನ್ನೊಂದು ಸೌಟು, ಪಾಪ ತುಂಬ ದಣಿದಿದ್ದಾನೆ, ಆ ಬೀರುವಿಗೆ ಎರಡು ಸೌಟು, ಮಾಂಸ ಹಾಕಿ ಅಜ್ಜಿ, ಮಾಂಸ, ಕುಂಬಳ ಹಾಕಿ — ಹೊಟ್ಟೆ ಗುಡಾಣ ಮಾಡಿ ಕಳಿಸಿದರೆ ಎಲ್ಲಿ ಓಡುತ್ತಾರೆ ಅಂತ, ಎಂಥ ತಲೆ ನನ್ನದು, ಅಜ್ಜಿ ನನ್ನ ಕೆನ್ನೆ ತಟ್ಟಿದಳು, ಎಷ್ಟು ಒಳ್ಳೇ ಹುಡುಗ ನೀನು ಶಮ್ಸು, ನಾನೇ ತಪ್ಪು ತಿಳ್ಕೊಂಡಿದ್ದೆ — ನಾನು ಮೂರು ಸೌಟು ಸುರಿಸಿದ್ದ ಆ ಪುಣ್ಯಾತ್ಮನೇ ಮೊದಲ ಗೋಲು ಹೊಡೆದ, ಕುದುರೆ ಹಾಗೆ ಓಡಿ, ತೇಗುತ್ತಾ ಹೊಡೆದ.

ಈಗ ಅವನೇ ಬರುತ್ತಿದ್ದಾನೆ ಐದನೆಯದಕ್ಕೆ, ನನ್ನ ಕೂಸ್‌ಕೂಸ್ ತಿಂದವನು, ನಡಿಗೆ ನೋಡು — ನಾವು ಸಮ ಮಾಡಿದ್ದು ಕೊನೆಗಳಿಗೆಯಲ್ಲಿ, ಗುಂಪಿನಲ್ಲಿ ಯಾರ ಮಂಡಿಗೆ ಬಡಿದು ಹೋಯಿತೋ ದೇವರಿಗೇ ಗೊತ್ತು, ನಾಲ್ಕು ಜನ ನನ್ನ ಮಂಡಿ ನನ್ನ ಮಂಡಿ ಅಂತ ಓಡಿದೆವು — ಆದರೆ ಅದಕ್ಕೂ ಮೊದಲು ಲಯಾಶಿಯಣ್ಣ ತಡೆದದ್ದೆಲ್ಲ ಯಾರಿಗೆ ಹೇಳಲಿ, ಕಲ್ಲಿನಂಥ ಈ ನೆಲದ ಮೇಲೆ, ಒಂದೊಂದು ಸಲವೂ ಆ ಬರಿಗೈಗಳ ಸದ್ದು, ಚೆಂಡನ್ನು ತಬ್ಬಿ ಬಿದ್ದವನು ಎದ್ದಾಗಲೆಲ್ಲ ಕೈಯನ್ನು ಕಂಕುಳಲ್ಲಿ ಅವಿತಿಟ್ಟುಕೊಳ್ಳುತ್ತಿದ್ದ, ಯಾರೂ ನೋಡಬಾರದು ಅಂತ, ನಾನು ನೋಡಿದೆ, ಬೆರಳು ಕೆಂಪಾಗಿ ಆಮೇಲೆ ನೀಲಿಯಾಗಿ, ಬೆಂಚಿನ ಪಕ್ಕ ಕೆಂಡದ ಬಾಣಲೆಯ ಮೇಲೆ ಗ್ಲೌಸುಗಳು ಹೊಗೆಯಾಡುತ್ತಾ ಒಣಗುತ್ತಲೇ ಇಲ್ಲ, ಪೆನಾಲ್ಟಿ ಶುರುವಾಗುವ ಮೊದಲು ಹಮ್‌ಲಾವಿ ತನ್ನ ಗ್ಲೌಸು ಬಿಚ್ಚಿ ಇವನ ಎದೆಗೆ ಒತ್ತಿದ, ಹಾಕ್ಕೊಳ್ಳಣ್ಣಾ, ಇಬ್ರೂ ಅದಲು ಬದಲು ಮಾಡ್ಕೊಂಡು ನಿಲ್ಲೋಣ, ಬೀರುವಿನಂಥ ಮನುಷ್ಯನಿಗೆ ಮಗುವಿನಂಥ ಕೈ, ಇವನ ಗೆಣ್ಣು ದಾಟಿ ಗ್ಲೌಸು ಇಳಿಯಲೇ ಇಲ್ಲ, ಎಳೆದರು, ಹಲ್ಲಲ್ಲಿ ಕಚ್ಚಿ ಎಳೆದರು, ಇಬ್ಬರೂ ನಕ್ಕರು, ಎರಡು ಮುದಿ ಒಂಟೆಗಳು ನಕ್ಕ ಹಾಗೆ, ಬೇಡ ಬಿಡಪ್ಪ, ನಿಂದು ನಿಂಗೆ ಇರ್ಲಿ ಅಂದ ಇವನು, ಮತ್ತೆ ಕೈ ಉಜ್ಜಿಕೊಂಡ — ಈಗಲೂ ಉಜ್ಜಿಕೊಳ್ಳುತ್ತಿದ್ದಾನೆ, ಅವನ ತಲೆಯ ಮೇಲೆ, ಬಲೆಯ ಆಚೆ, ಬಸ್ಸಿನ ಮೇಲೆ ಆ ಇನ್ನೆರಡು ಕೈ, ದಪ್ಪ ಕೈ, ಬೆಚ್ಚನೆಯ ಕೈ, ಅವನಿಗೆ ಬೇಕಾದ ಕೈ ಅಲ್ಲಿ ಅಂಟಿಕೊಂಡು ಕೂತಿವೆ, ಕಿತ್ತು ತಂದು ತೊಡಿಸಲೇ — ಒದ್ದ, ನಡುಮಟ್ಟದಲ್ಲಿ ಎಡಕ್ಕೆ, ಲಯಾಶಿಯಣ್ಣ ಅಲ್ಲೇ ಇದ್ದಾನೆ, ಚೆಂಡು ಬರುವ ಮೊದಲೇ ಅಲ್ಲಿದ್ದಾನೆ, ಹಿಡಿದ, ಹಿಡಿದ! ಬೆರಳು ಹಿಂದಕ್ಕೆ ಬಾಗಿ, ಚೆಂಡು ಬೆರಳ ಸಂದಿಯಿಂದ ಜಾರಿ, ಕಂಬಕ್ಕೆ ತಾಗಿ, ಉರುಳಿ, ಗೆರೆ ದಾಟಿ — ಅವನು ಮಣ್ಣಿನ ಮೇಲೆ ಮಲಗಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಾನೆ.

ನಾನು. ಹೆಗಲ ಮೇಲಿನ ತೋಳುಗಳು ಬಿಟ್ಟವು, ಇಷ್ಟು ಹೊತ್ತು ಅವು ಎಷ್ಟು ಬೆಚ್ಚಗಿದ್ದವು, ಹಾಕಿದರೆ ಆಟ ಮುಂದುವರಿಯುತ್ತದೆ, ಹಾಕದಿದ್ದರೆ ಮುಗಿಯಿತು, ಕತೆ ಸರಳ, ನನ್ನಂಥವನಿಗೂ ಅರ್ಥವಾಗುವಷ್ಟು ಸರಳ — ನಡೆ ಶಮ್ಸು, ಎಂಟ್ರಿ ಸೀನು, ಇಷ್ಟು ವರ್ಷ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದು ಇದೇ ನಡಿಗೆ ತಾನೆ, ಹಾಜ್ ರಬಾಹ್, ಲೇ ಶಮ್ಸೂ, ಹೇರ್‌ಕಟ್ ಚೆನ್ನಾಗಿದೆ ಕಣೋ, ಕಾಲು ಎಲ್ಲಿಟ್ಟು ಬಂದೆ? — ನಿನಗೆ ಉತ್ತರ ಆಮೇಲೆ, ಮುದುಕಾ — ಲಯಾಶಿಯಣ್ಣ ಎದುರು ಬರುತ್ತಿದ್ದಾನೆ, ಗೋಲು ಬಿಟ್ಟು ಪಕ್ಕಕ್ಕೆ ಹೋಗಬೇಕಲ್ಲ, ದಾರಿಯಲ್ಲಿ ಒಂದು ಕ್ಷಣ ನಿಂತ, ಈಗ ಡೈಲಾಗು ಹೇಳುತ್ತಾನೆ, ಇದು ನನಗೋಸ್ಕರ ಅಲ್ಲ ಊರಿಗೋಸ್ಕರ ಅಂತ, ನಿನ್ನ ಕಾಲಲ್ಲಿ ನಮ್ಮೆಲ್ಲರ ಕನಸಿದೆ ಅಂತ, ಅವನು ಅಂದ, ಲೇಸು ಬಿಚ್ಚಿದೆ ನೋಡು, ಕಟ್ಕೊ. ಬಗ್ಗಿ ಕಟ್ಟಿಕೊಂಡೆ, ಅವನು ಕಾಯುತ್ತಾ ನಿಂತ, ಆಮೇಲೆ ಮೆಲ್ಲಗೆ, ನಿಂಗೆ ಇಷ್ಟ ಬಂದ ಕಡೆ ಹೊಡಿಯೋ, ಊರೆಲ್ಲೂ ಓಡಿಹೋಗಲ್ಲ. ಹೋದ. ಚೆಂಡು ಇಟ್ಟೆ. ಹಮ್‌ಲಾವಿ ಗೋಲಿನಲ್ಲಿ ತೋಳು ಚಾಚಿದ, ಗೋಲು ಕಾಣಿಸುತ್ತಲೇ ಇಲ್ಲ, ಬೀರು ಮಾತ್ರ, ಬೀರುವಿನ ಹಿಂದೆ ಬಸ್ಸು, ಅವನ ಎರಡು ಕಿವಿಯ ಪಕ್ಕ ಸರಿಯಾಗಿ ಆ ಎರಡು ಕೈ, ಅವನಿಗೇ ಇನ್ನೊಂದು ಜೊತೆ ಕೈ ಮೂಡಿದ ಹಾಗೆ, ಮೆಲ್ಲಗೆ ಎತ್ತಿ ಚೆಂಡನ್ನು ಗಾಳಿಯಲ್ಲಿ ತೇಲಿಸೋಣ ಅಂತ ಇತ್ತು ನನ್ನ ಪ್ಲಾನು, ಅವನು ಒಂದು ಕಡೆ ಹಾರಿ ಬಿದ್ದಿರಬೇಕು, ಚೆಂಡು ನಡುವೆ ನಗುತ್ತಾ ಇಳಿಯಬೇಕು, ನಾನು ಕಾಲರ್ ಎತ್ತಿಕೊಂಡು ಕ್ಯಾಮೆರಾ ಕಡೆ ತಿರುಗಬೇಕು, ಬೇಡ, ಇವತ್ತು ಆ ಆಟ ಬೇಡ, ಹಿಮದಿಂದ ಕರೆತಂದವರ ಎದುರು, ಗ್ಲೌಸು ಬಿಚ್ಚಿ ಕೊಡಲು ಬಂದವನ ಎದುರು ಚೇಷ್ಟೆ ಬೇಡ, ನೇರ ಒದೆಯೋಣ, ಲಯಾಶಿಯಣ್ಣ ಬಸ್ಸು ತಳ್ಳಿದ ಹಾಗೆ — ಸೀಟಿ — ಓಡಿದೆ, ಒದ್ದೆ, ಆಹಾ, ಇಂಥ ಒದೆತ ನನ್ನ ಕಾಲಿನಿಂದ ಯಾವತ್ತೂ ಹೊರಟಿಲ್ಲ, ನೆಲ ಮುಟ್ಟಿಯೂ ಮುಟ್ಟದ ಹಾಗೆ, ಬಲಗಂಬದ ಬುಡಕ್ಕೆ, ಹಾವಿನ ಹಾಗೆ ಹೋಗುತ್ತಿದೆ, ಯಾವ ಗೋಲಿಗೂ ಸಿಗದ ಚೆಂಡು, ಆ ಬೀರು ನೆಲಕ್ಕೆ ಒರಗಿತು, ಎಷ್ಟು ಹಗುರ ಒರಗಿತು, ಆ ಮಗುವಿನ ಕೈ, ಬೆರಳ ತುದಿ, ಬರೀ ತುದಿ — ಚೆಂಡು ಕಂಬದ ಹೊರಗೆ.

ನಾನು ನೆಲ ನೋಡುತ್ತಿದ್ದೇನೆ, ನೆಲ ಕೆಂಪಗಿದೆ, ಅಲ್ಲೊಂದು ಇರುವೆ, ಇರುವೆಗೆ ಏನೂ ಗೊತ್ತಿಲ್ಲ — ಅವರು ಕುಣಿಯಬೇಕು, ನಾವಾಗಿದ್ದರೆ ಗೋಡೆ ಒಡೆಯುತ್ತಿದ್ದೆವು, ಅವರು ಇಬ್ಬಿಬ್ಬರು ತಬ್ಬಿಕೊಂಡು ಸುಮ್ಮನೆ ನಿಂತಿದ್ದಾರೆ, ಕದ್ದು ತಿಂದವರ ಹಾಗೆ, ಹಮ್‌ಲಾವಿ ಬಂದು ನನ್ನನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದ, ಅವನ ಬಾಯಿಂದ ಅಜ್ಜಿಯ ಕುಂಬಳದ ವಾಸನೆ, ತಮ್ಮಾ, ನನ್ನ ಜನ್ಮದಲ್ಲಿ ಇಂಥ ಚೆಂಡು ಇನ್ನೊಂದು ಹಿಡಿಯಲ್ಲ ಕಣೋ, ನಿಮ್ಮಜ್ಜಿ ಹಾಕಿದ್ದೇ ಬೆರಳಿಗೆ ಬಂತು — ಅಜ್ಜಿಯಲ್ಲ ಮಹರಾಯ, ಹಾಕಿಸಿದ್ದು ನಾನು — ಲಯಾಶಿಯಣ್ಣನ ಕೈ ನನ್ನ ಕತ್ತಿನ ಮೇಲೆ, ತಣ್ಣಗೆ, ಊದಿಕೊಂಡು, ಚೆನ್ನಾಗಿ ಹೊಡ್ದೆ ಕಣೋ, ಅವನು ಇನ್ನೂ ಚೆನ್ನಾಗಿ ಹಾರ್ದ, ಅಷ್ಟೆ. ಅಣ್ಣಾ, ಗ್ಲೌಸ್ ಇದ್ದಿದ್ರೆ ಆ ಐದನೇದು ನಿಂದೇ ಆಗಿತ್ತಲ್ಲಣ್ಣಾ, ಗ್ಲೌಸ್ ಇದ್ದಿದ್ರೆ — ಅವನು ನನ್ನ ತಲೆಗೊಂದು ಮೊಟಕಿದ, ಗ್ಲೌಸ್ ಇದ್ದಿದ್ರೆ ಅವ್ರು ಇರ್ತಿರ್ಲಿಲ್ಲ. ಹಾಜ್ ರಬಾಹ್ ಗೋಡೆಯಿಂದ ಇಳಿದು ಬರುತ್ತಿದ್ದಾನೆ, ಈಗ ಶುರು, ಈಗ ಏಳು ತಲೆಮಾರು ಜಾಲಾಡುತ್ತಾನೆ, ಮುಷ್ಟಿ ಕಟ್ಟಿದೆ, ಯಾರಾದರೂ ಲಯಾಶಿಯಣ್ಣನಿಗೆ ಒಂದು ಮಾತು ಅಂದರೆ ಮುದುಕ ಅಂತಲೂ ನೋಡುವುದಿಲ್ಲ, ಹಾಜ್ ಅವನ ಎದುರು ನಿಂತು ಗಂಟಲು ಸರಿಮಾಡಿಕೊಂಡ, ಕಶಾಬಿಯ ಬಿಚ್ಚಿ ಅವನ ಹೆಗಲ ಮೇಲೆ ಹಾಕಿದ, ನಂಗೂ ಕೇಳಿಸಿತ್ತು ಕಣೋ ಲಯಾಶಿ, ಅಂದ, ಮೂಗು ಒರೆಸಿಕೊಂಡು ಹೋದ — ಮತ್ತು ಈಗ ಅವರ ಬಸ್ಸು ಸ್ಟಾರ್ಟ್ ಆಗುತ್ತಿಲ್ಲ, ಆಗುವುದೇ ಇಲ್ಲ, ಚಳಿಗೆ ಸತ್ತ ಹಾಗೆ ಗೊರಗೊರ ಅನ್ನುತ್ತಿದೆ, ಡ್ರೈವರ್ ಕಿಟಕಿಯಿಂದ ನಾಚಿಕೊಂಡು ನಮ್ಮ ಕಡೆ ನೋಡಿದ, ಇನ್ನೊಂದ್ಸಲ ತಳ್ಬೇಕಾಗುತ್ತೇನೋ. ನಾನು ತಳ್ಳುವುದಿಲ್ಲ, ನಮ್ಮನ್ನು ಸೋಲಿಸಿದವರನ್ನು ನಾವೇ ತಳ್ಳಿ ಕಪ್ಪಿಗೆ ಕಳಿಸುವುದೇ, ಯಾವ ಹಿಂದಿ ಸಿನಿಮಾದವನೂ ಇಷ್ಟು ದೂರ ಹೋಗಿಲ್ಲ, ತಳ್ಳುವುದಿಲ್ಲ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ನನ್ನ ಕಾಲು ಅಲ್ಲಿದೆ, ಎಲ್ಲರೂ ಅಲ್ಲಿದ್ದೇವೆ, ನಮ್ಮವರು ಅವರವರು ಗೋಡೆಯವರು, ಬಸ್ಸಿನ ಬೆನ್ನ ತುಂಬ ಕೈ, ಮೇಲೆ ಕೈ, ಕೆಳಗೆ ಕೈ, ದೀಪದ ಮೇಲೆ ಕೈ, ನಂ​ಬರ್ ಪ್ಲೇಟಿನ ಮೇಲೆ ಕೈ, ನಡುವೆ ಮಾತ್ರ ಜಾಗ ಖಾಲಿ, ಆ ಎರಡು ಗುರುತಿನ ಮೇಲೆ ಯಾರೂ ಕೈ ಇಡುತ್ತಿಲ್ಲ, ಯಾರೂ ಹೇಳಿದ್ದಲ್ಲ, ಹಮ್‌ಲಾವಿ ಇಕ್ಕಟ್ಟಿನಲ್ಲಿ ಓರೆಯಾಗಿ ನಿಂತು ಹೆಗಲು ಕೊಟ್ಟಿದ್ದಾನೆಯೇ ಹೊರತು ಅಲ್ಲಿ ಮುಟ್ಟಿಲ್ಲ, ಹಾಕ್ರೋ, ಲಯಾಶಿಯಣ್ಣನ ಅದೇ ಕೂಗು, ಹಾಕ್ರೋ, ಇನ್ನೊಂದ್ಸಲ — ಬಸ್ಸು ಕೆಮ್ಮಿತು, ಹಿಡಿಯಿತು, ಹೊರಟಿತು, ನಮ್ಮ ಕೈಗಳಿಂದ ಬಿಡಿಸಿಕೊಂಡು ಇಳಿಜಾರಿನಲ್ಲಿ, ಒಳಗೆ ಅವರೆಲ್ಲ ಹಿಂದಿನ ಗಾಜಿಗೆ ಮುಖ ಒತ್ತಿಕೊಂಡು ಕೈ ಬೀಸುತ್ತಿದ್ದಾರೆ, ಇನ್ನು ಚೀಟಿ ಎತ್ತುತ್ತಾರೆ, ಟೀವಿಯಲ್ಲಿ ವಾದ್ ಸಫ್ರಾ ಅಂತ ಓದುತ್ತಾರೆ, ರಾಜಧಾನಿಯ ದೊಡ್ಡ ಬೀದಿಯಲ್ಲಿ ಆ ಬಸ್ಸು ಹೋಗುತ್ತದೆ, ಸ್ಟೇಡಿಯಮ್ಮಿನ ಬಾಗಿಲು ತೆರೆಯುತ್ತಾರೆ, ತೊಳೆಯುತ್ತಾರೋ ಏನೋ ಅಷ್ಟರಲ್ಲಿ, ತೊಳೆಯಬೇಡ್ರೋ, ತಿರುವು ಬಂತು, ಬಸ್ಸು ಸಣ್ಣದಾಯಿತು, ಕಿಟಕಿ ಕಾಣುತ್ತಿಲ್ಲ, ಮುಖ ಕಾಣುತ್ತಿಲ್ಲ, ಬಿಳಿ ತಗಡು, ಅದರ ಮೇಲೆ ಎರಡು ಕೈ, ಅಗಲವಾಗಿ, ಇನ್ನೂ ತಳ್ಳುತ್ತಲೇ ಇರುವ ಎರಡು ಕೈ, ಎರಡು ಕೈ —